ಏಟಾದ ನಾಯಿಗೆ ಊರಿನ ಆರೈಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಏಟಾದ ಬೀದಿನಾಯಿಯೊಂದು ಬದುಕಿ ಉಳಿದಿದ್ದರೆ ಅದರ ಹಿಂದೆ ಒಬ್ಬರದೇ ಕೈ ಇರುವುದು ಅಪರೂಪ. ರಸ್ತೆ ನಡುವಿನಿಂದ ಬದಿಗೆ ಎಳೆದು ಮಲಗಿಸಿದವರು ಒಬ್ಬರು, ಗೋಣಿಚೀಲ ತಂದುಕೊಟ್ಟವರು ಇನ್ನೊಬ್ಬರು, ದನದ ಡಾಕ್ಟರಿಗೆ ಹೇಳಿಕಳಿಸಿದವರು ಮತ್ತೊಬ್ಬರು. ಆಮೇಲಿನ ಒಂದೂವರೆ ತಿಂಗಳು ಗಂಜಿ ಹಾಕಿದ್ದು ಬೇರೆಯದೇ ಮನೆ. ಇವರಲ್ಲಿ ಯಾರೂ ತಾವು ಪ್ರಾಣಿ ರಕ್ಷಣೆ ಮಾಡುತ್ತಿದ್ದೇವೆ ಎಂದುಕೊಂಡವರಲ್ಲ. ಎದುರಿಗೆ ಒಂದು ಜೀವ ನರಳುತ್ತಿತ್ತು, ಕೈಲಾದಷ್ಟು ಮಾಡಿದರು. 1980–90ರ ದಶಕಗಳಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಬೆಳೆದವರ ನೆನಪಿನಲ್ಲಿ ಇಂಥ ಒಂದು ನಾಯಿಯಾದರೂ ಇರುತ್ತದೆ. ಕರಿಯ, ಕೆಂಚ, ರಾಜು, ಟೈಗರ್ ಎಂದು ಯಾವುದೋ ಹೆಸರು, ಹಿಂಗಾಲು ಸ್ವಲ್ಪ ಸೊಟ್ಟ, ಬಸ್‌ಸ್ಟ್ಯಾಂಡಿನ ಹೋಟೆಲ್ ಮುಂದೆ ಖಾಯಂ ಜಾಗ. ಆ ಸೊಟ್ಟ ಕಾಲು ಕೂಡಿಕೊಂಡ ಬಗೆಯಲ್ಲಿ ಇಡೀ ಊರಿನ ಪಾಲಿತ್ತು.

ಮಲೆನಾಡಿನಲ್ಲಿ ನಾಯಿಗೆ ಏಟಾಗುವ ದಾರಿಗಳು ಬಯಲುಸೀಮೆಗಿಂತ ಹೆಚ್ಚು. ಮೊದಲನೆಯದು ರಸ್ತೆ. ಶಿವಮೊಗ್ಗದಿಂದ ಸಾಗರದ ಮೇಲೆ ಹೊನ್ನಾವರಕ್ಕೆ ಹೋಗುವ ಹೆದ್ದಾರಿ, ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ ಹೆದ್ದಾರಿ, ಆನಂದಪುರ, ರಿಪ್ಪನ್‌ಪೇಟೆ, ಹೊಸನಗರ ಹಾಯ್ದು ಕೊಲ್ಲೂರಿನ ಕಡೆ ಹೋಗುವ ದಾರಿ, ಇವೆಲ್ಲ ಊರಿನ ನಡುವಿನಿಂದಲೇ ಸಾಗುತ್ತವೆ. ಜೋಗ, ಸಿಗಂದೂರು, ಕೊಲ್ಲೂರು ನೋಡಲು ಬರುವವರ ಕಾರುಗಳಿಗೆ ತಿರುವಿನ ಆಚೆ ಊರಿದೆ ಎಂಬುದು ಗೊತ್ತಿರುವುದಿಲ್ಲ. ಚಳಿಗಾಲದ ರಾತ್ರಿ ಡಾಂಬರು ಬೆಚ್ಚಗಿರುತ್ತದೆಂದು ನಾಯಿಗಳು ರಸ್ತೆಯ ಮೇಲೇ ಮಲಗುತ್ತವೆ. ಮಳೆಗಾಲದಲ್ಲಂತೂ ಸುತ್ತ ಎಲ್ಲ ನೀರು, ಒಣಗಿದ ಜಾಗವೆಂದರೆ ಬಸ್ ತಂಗುದಾಣ ಮತ್ತು ಅಂಗಡಿಯ ಮುಂಗಟ್ಟು ಮಾತ್ರ. ಎರಡೂ ರಸ್ತೆಯಂಚಿನಲ್ಲೇ ಇರುತ್ತವೆ.

ಎರಡನೆಯದು ಉರುಳು. ಕಾಡುಹಂದಿ ಹಿಡಿಯಲು ತೋಟದ ಬೇಲಿ ಸಂದಿಯಲ್ಲಿ ಬೈಕಿನ ಬ್ರೇಕ್ ತಂತಿ, ಕ್ಲಚ್ ತಂತಿಗಳಿಂದ ಹಾಕಿದ ಕುಣಿಕೆಗೆ ಹಂದಿಗಿಂತ ನಾಯಿ ಸುಲಭವಾಗಿ ಬೀಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಒಡ್ಡುವುದು ಅಪರಾಧ. ಹಾಗಾಗಿ ಹಾಕಿದವರು ಬಾಯಿ ಬಿಡುವುದಿಲ್ಲ, ನಾಯಿಯ ಯಜಮಾನರೂ ಊರೊಳಗಿನ ಮನಸ್ತಾಪ ಬೇಡವೆಂದು ಸುಮ್ಮನಾಗುತ್ತಾರೆ. ಉರುಳಿನ ಗಾಯ ನೋಡಿದವರು ಅದನ್ನು ಮರೆಯುವುದಿಲ್ಲ. ಸೊಂಟಕ್ಕೋ ಕುತ್ತಿಗೆಗೋ ಬಿದ್ದ ತಂತಿಯನ್ನು ನಾಯಿ ಎಳೆದಷ್ಟೂ ಅದು ಬಿಗಿಯುತ್ತದೆ. ಕಚ್ಚಿ ಕಚ್ಚಿ ಹಲ್ಲು ಮುರಿಯುತ್ತದೆ. ಹೇಗೋ ತಂತಿ ತುಂಡಾಗಿ ನಾಯಿ ಊರಿಗೆ ಬಂದರೂ ಕುಣಿಕೆ ಮೈಯೊಳಗೇ ಉಳಿದಿರುತ್ತದೆ. ಕೂದಲು ಮುಚ್ಚಿಕೊಂಡು ಹೊರಗೆ ಏನೂ ಕಾಣುವುದಿಲ್ಲ. ನಾಲ್ಕೈದು ದಿನ ಕಳೆದು ವಾಸನೆ ಬಂದಾಗಲೇ ಗೊತ್ತಾಗುವುದು. ಆಗ ಮೊದಲು ಬೇಕಾಗುವುದು ಔಷಧಿಗಿಂತ ಹೆಚ್ಚಾಗಿ ಒಂದು ಗಟ್ಟಿ ಕಟಿಂಗ್ ಪ್ಲೇಯರ್. ಅದು ಇರುವುದು ಲೈನ್‌ಮನ್ ಹತ್ತಿರ, ಇಲ್ಲವೇ ಪಂಪ್‌ಸೆಟ್ ರಿಪೇರಿಯವರ ಹತ್ತಿರ. ಹೀಗೆ ಎಷ್ಟೋ ನಾಯಿಗಳ ಪ್ರಾಣ ಉಳಿಸಿದವರಲ್ಲಿ ಲೈನ್‌ಮನ್‌ಗಳೂ ಇದ್ದಾರೆ.

ಇದಲ್ಲದೆ ಹಂದಿಯ ಕೋರೆ ಸೀಳಿದ ಗಾಯ, ಚಿರತೆ ಬಾಯಿಂದ ತಪ್ಪಿಸಿಕೊಂಡು ಬಂದಾಗ ಕುತ್ತಿಗೆಯಲ್ಲಿ ಉಳಿದ ಆಳದ ತೂತುಗಳು, ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ಒಡೆದುಹೋದ ದವಡೆ ಇವೂ ಉಂಟು. ಕೊನೆಯದು ಎಲ್ಲಕ್ಕಿಂತ ಕ್ರೂರ. ದವಡೆ ಹೋದ ನಾಯಿಯನ್ನು ಉಳಿಸುವುದು ಕೈ ಪಳಗಿದ ಡಾಕ್ಟರಿಗೂ ಕಷ್ಟ.

ಇನ್ನೊಂದು ಕಾರಣ ಮನುಷ್ಯರ ನಿರ್ಧಾರದ್ದು. ಹೆಣ್ಣುಮರಿಗಳನ್ನು ಚೀಲದಲ್ಲಿ ತುಂಬಿ ಸಂತೆಯ ಹತ್ತಿರವೋ ಘಾಟಿಯ ತಿರುವಿನಲ್ಲೋ ಬಿಟ್ಟುಬರುವ ಪದ್ಧತಿ ಈ ಭಾಗದಲ್ಲಿ ಹಳೆಯದು. ಮನೆಯಲ್ಲಿ ಉಳಿದ ಗಂಡು ನಾಯಿಗೆ ಕೆಲಸವಿರುತ್ತದೆ. ಅಡಿಕೆ ತೋಟಕ್ಕೆ, ಬಾಳೆಗೆ ಬೀಳುವ ಮಂಗ ಓಡಿಸಬೇಕು, ಗದ್ದೆಯ ಹಂದಿ ಬೆದರಿಸಬೇಕು, ರಾತ್ರಿ ಅಂಗಳದ ಅಡಿಕೆ ಕಾಯಬೇಕು. ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನಲ್ಲಿ ರೈತರೊಬ್ಬರು ಮಂಗನ ಕಾಟ ತಾಳಲಾರದೆ ತಮ್ಮ ನಾಯಿಯ ಮೈಗೆ ಹುಲಿಪಟ್ಟೆ ಬರೆದದ್ದು 2019ರ ಕೊನೆಯಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಾಯಿ ಇಲ್ಲಿ ದುಡಿಯುವ ಜೀವ. ದುಡಿಯುವ ಜೀವ ಕುಂಟಿದರೆ ಏನಾಗುತ್ತದೆಂಬ ಪ್ರಶ್ನೆಗೆ ಎಲ್ಲ ಮನೆಗಳಲ್ಲೂ ಒಂದೇ ಉತ್ತರವಿರಲಿಲ್ಲ. ಕೆಲವರು ಕೊಟ್ಟಿಗೆಯಲ್ಲಿ ಮಲಗಿಸಿ ಸಾಕಿದರು. ಕೆಲವರು ಪೇಟೆಗೆ ಬಿಟ್ಟುಬಂದರು. ಪೇಟೆಯ ಬೀದಿಯಲ್ಲಿ ಕಾಣುವ ಕುಂಟು ನಾಯಿಗಳಲ್ಲಿ ಒಂದಷ್ಟು ಹೀಗೆ ಹಳ್ಳಿಯಿಂದ ಬಂದವು.

ನಾಯಿಯ ಮೇಲಿನ ಅಕ್ಕರೆ ಕನ್ನಡನಾಡಿಗೆ ಹೊರಗಿನಿಂದ ಬಂದದ್ದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ಗಂಗರ ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಪರಾಕ್ರಮ ತೋರಿಸಿ, ಏನು ಬೇಕೆಂದು ದೊರೆ ಕೇಳಿದಾಗ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಕಾಳಿ ಹಂದಿಯೊಂದಿಗೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತೀರ್ಥಹಳ್ಳಿ ಸೀಮೆಯದೇ ಉದಾಹರಣೆ ಬೇಕೆಂದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ ಇದೆ. 1967ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ನಾಯಿಗುತ್ತಿಯ ಜೊತೆ ಉದ್ದಕ್ಕೂ ನಡೆದ ಹುಲಿಯ ಕೊನೆಗೆ ತುಂಗೆಯ ಪ್ರವಾಹದ ಪಾಲಾಗುತ್ತದೆ. ಆ ಪುಟಗಳನ್ನು ಓದಿ ಕಣ್ಣೀರು ಹಾಕಿದವರಿಗೆ ಲೆಕ್ಕವಿಲ್ಲ. ಆದರೆ ಅಕ್ಕರೆ ಇರುವುದು ಬೇರೆ, ಮುರಿದ ಕಾಲನ್ನು ಕೂಡಿಸುವುದು ಬೇರೆ. ಎರಡನೆಯದಕ್ಕೆ ಸ್ವಲ್ಪ ತಿಳಿವಳಿಕೆ ಬೇಕು, ಬಹಳ ತಾಳ್ಮೆ ಬೇಕು.

ಏಟಾದ ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ಮುಖ್ಯ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ; ಅದರಲ್ಲಿ ಅದರ ತಪ್ಪಿಲ್ಲ. ಹಳಬರು ಮೊದಲು ಹೆಗಲ ಮೇಲಿನ ಬೈರಾಸನ್ನು ಅದರ ತಲೆಯ ಮೇಲೆ ಹಾಕುತ್ತಿದ್ದರು. ಆಮೇಲೆ ಹಳೆ ಪಂಚೆಯ ಪಟ್ಟಿಯಿಂದ ಮೂತಿಗೆ ಒಂದು ಸುತ್ತು ಹಾಕಿ, ಗಂಟನ್ನು ಕಿವಿಯ ಹಿಂದೆ ಕಟ್ಟುತ್ತಿದ್ದರು. ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ಬಾಯಿ ಕಟ್ಟಬಾರದೆಂಬುದು ಅನುಭವಸ್ಥರಿಗೆ ಗೊತ್ತಿತ್ತು. ಎತ್ತುವಾಗ ಕಾಲು ಹಿಡಿದು ಎತ್ತಬಾರದು, ಬೆನ್ನೆಲುಬು ಮುರಿದಿದ್ದರೆ ಹಾಗೆ ಎತ್ತಿದ ಕ್ಷಣದಲ್ಲೇ ಉಳಿದ ಆಸೆಯೂ ಹೋಗುತ್ತದೆ. ಗೋಣಿಚೀಲವನ್ನು ಪಕ್ಕದಲ್ಲಿ ಹಾಸಿ, ಮೈಯನ್ನು ಒಟ್ಟಿಗೆ ಅದರ ಮೇಲೆ ಸರಿಸಿ, ನಾಲ್ಕು ಮೂಲೆ ಹಿಡಿದು ಎತ್ತುವುದು ಸರಿಯಾದ ಕ್ರಮ. ಹಲಗೆ ಸಿಕ್ಕಿದರೆ ಇನ್ನೂ ಒಳ್ಳೆಯದು. ವಸಡು ಬಿಳಿಚಿಕೊಂಡಿದ್ದರೆ ಒಳಗೆ ರಕ್ತ ಹೋಗುತ್ತಿದೆ ಎಂದೇ ತಿಳಿಯಬೇಕು. ಹೊರಗಿನ ರಕ್ತಕ್ಕೆ ಒದ್ದೆ ಬಟ್ಟೆ ಒತ್ತಿ ಹಿಡಿಯಬಹುದು, ಒಳಗಿನದಕ್ಕೆ ಡಾಕ್ಟರೇ ಬೇಕು.

ಈ ಹೊತ್ತಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ಆಗುವ ಅನಾಹುತಗಳೂ ಉಂಟು. ನೋವು ಕಡಿಮೆಯಾಗಲಿ ಎಂದು ಮನೆಯಲ್ಲಿರುವ ಗುಳಿಗೆ ಪುಡಿ ಮಾಡಿ ಹಾಲಿನಲ್ಲಿ ಹಾಕುತ್ತಾರೆ. ಮನುಷ್ಯರ ನೋವಿನ ಗುಳಿಗೆಗಳಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು. ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವುದೂ ಹಾಗೆಯೇ, ಹುಳವೂ ಸಾಯಬಹುದು, ಜೊತೆಗೆ ಹಸಿ ಮಾಂಸವೂ ಸುಡುತ್ತದೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ತೊಳೆಯುವುದು ಇವೆಲ್ಲಕ್ಕಿಂತ ಮೇಲು.

ಡಾಕ್ಟರ್ ಎಂದರೆ ಈ ಭಾಗದಲ್ಲಿ ದನದ ಡಾಕ್ಟರ್. ಅವರ ದಿನದ ಕೆಲಸ ಎಮ್ಮೆಯ ಹೆರಿಗೆ, ಹಸುವಿನ ಕೆಚ್ಚಲುಬಾವು, ಗರ್ಭಧಾರಣೆಯ ಸೂಜಿ, ಕಾಲುಬಾಯಿ ಲಸಿಕೆ. ಒಂದು ಆಸ್ಪತ್ರೆಗೆ ಹತ್ತಾರು ಹಳ್ಳಿ, ಹಳ್ಳಿಯಿಂದ ಹಳ್ಳಿಗೆ ಗುಡ್ಡ, ಹಳ್ಳ, ಸಂಕ. “ಡಾಕ್ಟ್ರೇ, ಬಸ್‌ಸ್ಟ್ಯಾಂಡ್ ನಾಯಿಗೆ ಲಾರಿ ತಾಗಿದೆ ಮಾರಾಯ್ರೇ, ಭಾಳ ಒದ್ದಾಡ್ತಾ ಇದೆ” ಎಂದು ಹೋದವರಿಗೆ “ಬಾಯಿ ಕಟ್ಟಿ ಮಲಗ್ಸಿರಿ, ಒಂದು ಕರು ತೆಗೆಯೋದಿದೆ, ಮುಗಿಸ್ಕೊಂಡು ಬರ್ತೀನಿ” ಎಂಬ ಉತ್ತರ ಸಿಗುತ್ತಿತ್ತು. ಬರುತ್ತಲೂ ಇದ್ದರು. ಸಾಯಂಕಾಲ ಸ್ಕೂಟರ್ ನಿಲ್ಲಿಸಿ, ಅಂಗಡಿಯ ಬಲ್ಬಿನ ಬೆಳಕಿನಲ್ಲಿ ಕುಕ್ಕರಗಾಲಲ್ಲಿ ಕೂತು ಹೊಲಿಗೆ ಹಾಕಿದ ಡಾಕ್ಟರುಗಳನ್ನೂ ಟಾರ್ಚ್ ಹಿಡಿದ ಕಂಪೌಂಡರುಗಳನ್ನೂ ಈ ಊರುಗಳು ನೆನೆಯಬೇಕು. ಬೀದಿನಾಯಿ ಅವರ ಲೆಕ್ಕದ ಪುಸ್ತಕಕ್ಕೆ ಸೇರಿದ್ದಲ್ಲ, ಅದಕ್ಕೆ ಯಜಮಾನರಿರಲಿಲ್ಲ, ಫೀಸು ಕೊಡುವವರೂ ಇರಲಿಲ್ಲ. ಆದರೂ ಬಂದರು.

ಮುರಿದ ಮೂಳೆಗೆ ಅವರ ಹತ್ತಿರ ಇದ್ದದ್ದು ಬ್ಯಾಂಡೇಜು, ಹತ್ತಿ, ಪ್ಲಾಸ್ಟರ್ ಪುಡಿ. ಒತ್ತುಕಟ್ಟಿಗೆ ಬಿದಿರಿನ ಸೀಳು, ಅಡಿಕೆ ದಬ್ಬೆ, ಕೆಲವೊಮ್ಮೆ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದ ಅಡಿಕೆ ಹಾಳೆ. ಹಾಳೆ ಒಣಗಿದಾಗ ಕಾಲಿನ ಆಕಾರಕ್ಕೇ ಗಟ್ಟಿಯಾಗುತ್ತದೆ, ತೂಕವೂ ಇಲ್ಲ. ಮೊಣಕಾಲಿನ ಕೆಳಗಿನ ಮುರಿತ ಇದರಲ್ಲಿ ಚೆನ್ನಾಗಿ ಕೂಡುತ್ತಿತ್ತು. ತೊಡೆಯ ಮೂಳೆ ಮುರಿದರೆ ಇದು ಸಾಲದು, ಒಳಗೆ ರಾಡು ಹಾಕಬೇಕು. ಅದಕ್ಕೆ ಎಕ್ಸ್‌ರೇ ಬೇಕು, ಮಂಪರು ಕೊಡುವವರು ಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದ್ದರೂ ಬಸ್‌ಸ್ಟ್ಯಾಂಡಿನ ನಾಯಿಯನ್ನು ಬೆಂಗಳೂರಿಗೆ ಒಯ್ಯುವವರು ಯಾರು? ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಬಂದ ಮೇಲೆ ಈ ದೂರ ಎರಡು ಗಂಟೆಯ ದಾರಿಗೆ ಇಳಿಯಿತು. ಬೋಧನೆಯ ಆಸ್ಪತ್ರೆಯಾದ್ದರಿಂದ ಅಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗವಿದೆ, ಕಲಿಯುವ ಹುಡುಗ ಹುಡುಗಿಯರ ಉತ್ಸಾಹವಿದೆ. ಅಡಿಕೆ ಮಂಡಿಗೆ ಮೂಟೆ ಹಾಕಿಕೊಂಡು ಹೋಗುವ ಪಿಕಪ್, ತರಕಾರಿ ತರಲು ಖಾಲಿ ಹೋಗುವ ಲಗೇಜ್ ಆಟೊ ಇವೇ ಆಂಬುಲೆನ್ಸ್. ಶರಾವತಿ ಹಿನ್ನೀರಿನ ಆಚೆ ತುಮರಿ ಭಾಗದವರ ಪಾಡು ಬೇರೆ ಇತ್ತು. ಅಲ್ಲಿ ಸಂಜೆಯ ಕೊನೆಯ ಲಾಂಚ್ ಹೋದಮೇಲೆ ಮನುಷ್ಯ ರೋಗಿಯೂ ಬೆಳಗಿನವರೆಗೆ ಕಾಯಬೇಕಿತ್ತು, ನಾಯಿಯ ಮಾತೆಲ್ಲಿ. ಆ ಹಿನ್ನೀರು ದಾಟಿಸುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಡಾಕ್ಟರ ಕೆಲಸ ಒಂದು ಗಂಟೆಯದು. ಉಳಿದ ನಲವತ್ತು, ಐವತ್ತು ದಿನ ಊರಿನವರದು. ಈ ಬರಹದ ಮುಖ್ಯ ವಿಷಯವೂ ಅದೇ, ಏಕೆಂದರೆ ನಾಯಿಗಳು ಸಾಯುತ್ತಿದ್ದದ್ದು ಹೆಚ್ಚಾಗಿ ಈ ದಿನಗಳಲ್ಲಿ. ಕಾಲು ಕಟ್ಟಿ ಡಾಕ್ಟರು ಹೋದಮೇಲೆ ನಾಯಿಯನ್ನು ಎಲ್ಲಿ ಮಲಗಿಸುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಊರಲ್ಲಿ ಅದು ಬದುಕಿತು. ಸಿಗದ ಊರಲ್ಲಿ ಮೂರನೇ ದಿನಕ್ಕೆ ಬ್ಯಾಂಡೇಜು ಒದ್ದೆಯಾಗಿ ಕೊಳೆಯಿತು.

ಮಳೆಗಾಲದಲ್ಲಿ ಈ ಪ್ರಶ್ನೆ ಇನ್ನೂ ಕಠಿಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿನಷ್ಟು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಅದನ್ನೂ ಮೀರಿಸುತ್ತದೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಹಾಸಿದ ಗೋಣಿ ಒಣಗುವುದೇ ಇಲ್ಲ. ಗೋಡೆ ಬೆವರುತ್ತದೆ, ಬೆಂಕಿಪೆಟ್ಟಿಗೆ ಮೆತ್ತಗಾಗುತ್ತದೆ. ಆಗ ಮಲೆನಾಡಿನ ಮನೆಯಲ್ಲಿ ಒಣಗಿದ, ಬೆಚ್ಚಗಿನ ಜಾಗ ಎಂದರೆ ಬಚ್ಚಲೊಲೆಯ ಪಕ್ಕ. ಹಂಡೆಯ ಕೆಳಗೆ ದಿನವಿಡೀ ಕುಂಟೆ ಉರಿಯುತ್ತಿರುತ್ತದೆ, ಹೊಗೆಗೆ ನೊಣ ಸೊಳ್ಳೆ ಸುಳಿಯುವುದಿಲ್ಲ. ಆ ಜಾಗವನ್ನು ಬೀದಿನಾಯಿಗೆ ಬಿಟ್ಟುಕೊಟ್ಟ ಅಜ್ಜಿಯಂದಿರು ಮಾಡಿದ ಉಪಕಾರ ಯಾವ ಔಷಧಿಗೂ ಕಡಿಮೆಯದಲ್ಲ. ಮಡಿ ಮೈಲಿಗೆಯ ಮನೆಗಳಲ್ಲಿ ಅದು ಸಣ್ಣ ನಿರ್ಧಾರವೂ ಅಲ್ಲ. ಬಚ್ಚಲಿಗೆ ಬಿಡದವರು ಸೌದೆ ಕೊಟ್ಟಿಗೆ ಕೊಟ್ಟರು. ಅದೂ ಇಲ್ಲದ ಕಡೆ ಅಡಿಕೆ ಒಣಗಿಸುವ ಚಪ್ಪರದ ಕೆಳಗೆ ಭತ್ತದ ಹುಲ್ಲು ಹಾಸಿ, ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಡಿಸಿ ಕಟ್ಟಿದರು.

ಒದ್ದೆ ಗಾಯಕ್ಕೆ ನೊಣ ಕೂತರೆ ಒಂದೆರಡು ದಿನದಲ್ಲಿ ಹುಳ. ಇದರ ಆರೈಕೆ ನೋಡಲು ಹೊಟ್ಟೆ ಗಟ್ಟಿ ಇರಬೇಕು. ಗಾಯದ ಬಾಯಿ ಸಣ್ಣದು, ಒಳಗೆ ಗುಹೆ. ಬ್ಯಾಟರಿ ಬೆಳಕು ಬಿಟ್ಟರೆ ಒಳಗೆ ಬಿಳಿ ಬಿಳಿಯಾಗಿ ಮಿಸುಕಾಡುತ್ತದೆ, ಬೆಳಕಿಗೆ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಟರ್ಪೆಂಟೈನ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಚೂರನ್ನು ಗಾಯದ ಬಾಯಿಗೆ ಇಟ್ಟು ಕೆಲವು ನಿಮಿಷ ಕಾಯುತ್ತಾರೆ. ಉಸಿರುಗಟ್ಟಿದ ಹುಳಗಳು ಹೊರಕ್ಕೆ ಬರುತ್ತವೆ. ಒಬ್ಬರು ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿಯ ಬುಡ ಸವರುತ್ತಿರುತ್ತಾರೆ, ಇನ್ನೊಬ್ಬರು ಚಿಮಟದಿಂದ ಒಂದೊಂದೇ ಹುಳ ತೆಗೆದು ಗೆರಟೆಯ ಉಪ್ಪುನೀರಿಗೆ ಹಾಕುತ್ತಾರೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮಾರನೇ ದಿನ ಮತ್ತೆ, ಅದರ ಮಾರನೇ ದಿನ ಮತ್ತೆ. ಸೀತಾಫಲದ ಎಲೆ ಅರೆದು ತುಂಬುವುದು, ಬೇವಿನೆಣ್ಣೆಗೆ ಕರ್ಪೂರ ಪುಡಿ ಮಾಡಿ ಹಚ್ಚುವುದು ಹಳ್ಳಿಯ ಕ್ರಮ. ಈಗ ಔಷಧಿ ಅಂಗಡಿಯಲ್ಲಿ ಟಾಪಿಕ್ಯೂರ್‌ನಂಥ ಸ್ಪ್ರೇ ಸಿಗುತ್ತದೆ, ಹುಳಕ್ಕೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಇದೆ. ಕೆಲಸ ಹಗುರಾಗಿದೆ, ಆದರೆ ಚಿಮಟ ಹಿಡಿದು ಕೂರುವವರು ಈಗಲೂ ಬೇಕು. ಮೂರನೆಯ ದಿನದ ಹೊತ್ತಿಗೆ ನಾಯಿಗೆ ಇವರು ತನ್ನ ನೋವು ತೆಗೆಯುವವರೆಂದು ತಿಳಿಯುತ್ತದೆ. ಬಾಯಿ ಕಟ್ಟದೆಯೂ ಸುಮ್ಮನೆ ಮಲಗುತ್ತದೆ.

ಊಟ ಹೊಂದಿಸುವುದು ಹೋಲಿಸಿದರೆ ಸುಲಭ. ಹೋಟೆಲಿನ ಇಡ್ಲಿ, ಬೇಕರಿಯ ಹಿಂದಿನ ದಿನದ ಬನ್ನು, ಮೀನು ಮಾರುವವರು ಎತ್ತಿಟ್ಟ ತಲೆಗಳು, ಕೋಳಿ ಅಂಗಡಿಯ ಚೂರು ಎಲ್ಲ ಬರುತ್ತದೆ. ಬೇಯಿಸಿದ ಕೋಳಿಮೂಳೆ ಹಾಕಬಾರದು, ಅದು ಸೀಳಾಗಿ ಕರುಳಿಗೆ ಚುಚ್ಚುತ್ತದೆ ಎಂಬುದನ್ನು ಮಾತ್ರ ಪದೇ ಪದೇ ಹೇಳಬೇಕಾಗುತ್ತದೆ. ಶಾಲೆಗೆ ಹೋಗುವ ಮಕ್ಕಳು ಡಬ್ಬಿಯ ಚಪಾತಿಯಲ್ಲಿ ಪಾಲು ಇಟ್ಟರು. ಗಾಯದ ನಾಯಿಯ ಸುತ್ತ ಮೊದಲು ಸೇರುತ್ತಿದ್ದದ್ದು ಮಕ್ಕಳು, ದೊಡ್ಡವರನ್ನು ಎಳೆದು ತಂದದ್ದೂ ಅವರೇ. ದುಡ್ಡಿನ ವಿಷಯವನ್ನು ಮೆಡಿಕಲ್ ಶಾಪಿನವರು ಹಿಂದೆ ಹಾಕುತ್ತಿದ್ದರು. ಹತ್ತಿ, ಅಯೋಡಿನ್, ಆ್ಯಂಟಿಬಯೋಟಿಕ್ ಕೊಟ್ಟು ‘ನಾಯಿ’ ಎಂದು ಚೀಟಿಯಲ್ಲಿ ಬರೆದಿಟ್ಟರೆ ಆಟೊ ಸ್ಟ್ಯಾಂಡಿನವರು ಇಷ್ಟು, ಹೋಟೆಲಿನವರು ಇಷ್ಟು ಎಂದು ತೀರಿಸುತ್ತಿದ್ದರು. ಪೂರ್ತಿ ತೀರದ ಚೀಟಿಗಳೂ ಇದ್ದವು.

ಹಿಂಗಾಲು ಎಳೆಯುವ ನಾಯಿಗೆ ಮುಂದೆ ನಡೆಯಲು ಬರುತ್ತದೋ ಇಲ್ಲವೋ ಎಂಬುದನ್ನು ತಿಳಿಯಲು ಡಾಕ್ಟರುಗಳು ಬೆರಳ ತುದಿಯನ್ನು ಗಟ್ಟಿಯಾಗಿ ಹಿಸುಕುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಂಡರೆ ಮಾತ್ರ ಸಾಲದು, ಬೆನ್ನುಹುರಿ ಕಡಿದಿದ್ದರೂ ಕಾಲು ತಾನಾಗಿ ಎಳೆದುಕೊಳ್ಳಬಹುದು. ನಾಯಿ ತಿರುಗಿ ನೋಡಬೇಕು, ಕೂಗಬೇಕು. ಹಾಗೆ ಮಾಡಿದರೆ ಆಸೆ ಇದೆ. ಸೊಂಟದ ಮೂಳೆ ಒಡೆದ ಎಷ್ಟೋ ನಾಯಿಗಳು ನಾಲ್ಕರಿಂದ ಆರು ವಾರ ಅಲುಗಾಡದೆ ಇದ್ದರೆ ಶಸ್ತ್ರಚಿಕಿತ್ಸೆ ಇಲ್ಲದೆಯೂ ಎದ್ದು ನಿಲ್ಲುತ್ತವೆ. ಈ ವಾರಗಳಲ್ಲಿ ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಒತ್ತಿದ ಕಡೆ ಹುಣ್ಣು. ಮೂತ್ರ ತಾನಾಗಿ ಹೋಗದಿದ್ದರೆ ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ಒತ್ತಿ ಹೊರಡಿಸಬೇಕು. ಆಮೇಲೆ ಹೊಟ್ಟೆಯ ಕೆಳಗೆ ಬೈರಾಸು ಹಾಕಿ ಎರಡು ತುದಿ ಹಿಡಿದು ನಡೆಸುವುದು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಯಾರೋ ಒಬ್ಬರು, ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು. ಕಾಲು ಪೂರ್ತಿ ಹೋದರೂ ನಾಯಿ ಕುಗ್ಗುವುದಿಲ್ಲ. ಕೊಳೆತ ಕಾಲು ಕತ್ತರಿಸಿದ ಮೇಲೆ ಕೆಲವೇ ವಾರಗಳಲ್ಲಿ ಮೂರು ಕಾಲಿನಲ್ಲಿ ಓಡಲು ಕಲಿಯುತ್ತದೆ. ನೋಡುವವರಿಗೆ ಅಯ್ಯೋ ಎನಿಸುತ್ತದೆ, ಅದಕ್ಕೆ ಹಾಗೆನಿಸುವ ಲಕ್ಷಣ ಕಾಣುವುದಿಲ್ಲ.

ಎಲ್ಲ ನಾಯಿಗಳೂ ಉಳಿಯುವುದಿಲ್ಲ. ಬೆರಳು ಹಿಸುಕಿದರೆ ತಿರುಗಿ ನೋಡದ, ಉಣ್ಣಲಾರದ, ನೋವು ಇಳಿಯದ ನಾಯಿಗೆ ಡಾಕ್ಟರು ನಿದ್ದೆಯ ಮದ್ದು ಕೊಟ್ಟು ಮುಕ್ತಿ ಕೊಡುವುದನ್ನು ಊರಿನವರು ಸುಲಭವಾಗಿ ಒಪ್ಪುತ್ತಿರಲಿಲ್ಲ. ಜೀವ ತೆಗೆಯುವುದು ಪಾಪ ಎಂಬ ಭಾವನೆ ಆಳದ್ದು, ಅದನ್ನು ಹಗುರವಾಗಿ ನೋಡುವಂತಿಲ್ಲ. ಆದರೆ ಗುಣವಾಗದ ಜೀವವನ್ನು ಹದಿನೈದು ದಿನ ನರಳಲು ಬಿಡುವುದು ದಯೆಯ ಲೆಕ್ಕಕ್ಕೆ ಬರುವುದಿಲ್ಲ. ಆ ನಿರ್ಧಾರ ಪಶುವೈದ್ಯರದೇ ಆಗಿರಬೇಕು, ಅವರು ಹೇಳಿದಾಗ ಊರು ಅವರ ಜೊತೆ ನಿಲ್ಲಬೇಕು.

ಆರೈಕೆ ಮಾಡುವವರ ಆರೋಗ್ಯದ ಮಾತು ಈ ಸೀಮೆಯಲ್ಲಿ ವಿಶೇಷವಾಗಿ ಹೇಳಬೇಕಾದದ್ದು. ನಾಯಿ ಕಚ್ಚಿದರೆ, ಹಲ್ಲು ತರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಕಚ್ಚಿದ ಕೂಡಲೇ ಲಸಿಕೆ ಶುರುಮಾಡಿ ಪೂರ್ತಿ ಹಾಕಿಸಿಕೊಂಡರೆ ಅದನ್ನು ತಡೆಯಬಹುದು. ರಟ್ಟೆಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28. ಆಳದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಬೇರೆ. ನಾಟಿ ಮದ್ದು ತೆಗೆದುಕೊಂಡು ಸುಮ್ಮನಿದ್ದು ಪ್ರಾಣ ಬಿಟ್ಟವರಿದ್ದಾರೆ. ಪದೇ ಪದೇ ನಾಯಿಗಳ ಆರೈಕೆ ಮಾಡುವವರು ಮೊದಲೇ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

ಇನ್ನೊಂದು ಉಣುಗು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅದರಿಂದ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಅದನ್ನು ಹರಡುವ ಕಾಡಿನ ಉಣುಗೇ ಬೇರೆ, ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಉಣುಗೇ ಬೇರೆ. ಆದರೂ ಕಾಡು ಸುತ್ತಿ ಬಂದ ನಾಯಿಯ ಮೈಯಿಂದ ಉಣುಗು ತೆಗೆಯುವಾಗ ಉಗುರಿನಲ್ಲಿ ಹಿಸುಕಬಾರದು, ಕೈಗವಸು ಹಾಕಿ ಚಿಮಟದಲ್ಲಿ ತೆಗೆದು ಸೋಪಿನ ನೀರಿಗೆ ಹಾಕಬೇಕು. ನಾಯಿಗೂ ಉಣುಗಿನಿಂದ ಜ್ವರ ಬರುತ್ತದೆ. ಗಾಯ ಮಾಯ್ದರೂ ನಾಯಿ ಮಂಕಾಗಿ, ವಸಡು ಬಿಳಿಚಿ, ಮೂಗಿನಲ್ಲಿ ರಕ್ತ ಬಂದರೆ ಅದೇ ಕಾರಣವಿರಬಹುದು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಔಷಧಿಯಲ್ಲೇ ಗುಣವಾಗುವುದುಂಟು.

ಕಾನೂನಿನ ಬೆಂಬಲ ಈ ಕೆಲಸಕ್ಕೆ ತಡವಾಗಿ ಬಂತು, ಬಂದದ್ದು ಜನರಿಗೆ ಗೊತ್ತಾದದ್ದು ಇನ್ನೂ ತಡ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಜೀವಿಗಳ ಬಗ್ಗೆ ಅನುಕಂಪ ತೋರುವುದು ನಾಗರಿಕರ ಕರ್ತವ್ಯ ಎಂಬ ಮಾತು 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಪ್ರಾಣಿಯನ್ನು ಕೊಂದರೆ, ಅಂಗಹೀನ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. 2022ರಲ್ಲಿ ರಾಜ್ಯದಲ್ಲಿ ಪಶು ಸಂಜೀವಿನಿ ವಾಹನಗಳು ಬಂದವು, 1962ಕ್ಕೆ ಕರೆ ಮಾಡಿದರೆ ಮನೆ ಬಾಗಿಲಿಗೇ ಪಶುವೈದ್ಯರು. ಮುಖ್ಯವಾಗಿ ದನಕರುಗಳಿಗೆಂದು ಬಂದ ಸೌಲಭ್ಯ ಅದು, ಆದರೂ ಏಟಾದ ನಾಯಿಗೆ ಎಲ್ಲಿಗೆ ಕರೆ ಮಾಡುವುದು ಎಂಬ ಪ್ರಶ್ನೆಗೆ ಒಂದು ನಂಬರಾದರೂ ಸಿಕ್ಕಿತು.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡುವುದು ಸ್ಥಳೀಯ ಸಂಸ್ಥೆಯ ಹೊಣೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗದ ನಾಯಿಗಳನ್ನು ಆಶ್ರಯಕೇಂದ್ರಕ್ಕೆ ಸಾಗಿಸಬೇಕು, ಮತ್ತೆ ಅಲ್ಲೇ ಬಿಡಬಾರದು ಎಂದು ಆದೇಶಿಸಿತು. ಕಚ್ಚಿಸಿಕೊಂಡ ಮಕ್ಕಳ, ಮುದುಕರ ಸಂಕಟ ಆ ಆದೇಶದ ಹಿಂದಿದೆ, ಅದು ನಿಜವಾದ ಸಂಕಟ. ಆದರೆ ಮಲೆನಾಡಿನ ಸಣ್ಣ ಪೇಟೆಗಳಲ್ಲಿ ಊರು ಕೈಯಾರೆ ಬದುಕಿಸಿದ ಕುಂಟು ನಾಯಿಗಳು ಇರುವುದೂ ಬಸ್ ನಿಲ್ದಾಣದಲ್ಲೇ. ಅವುಗಳನ್ನು ಸಾಗಿಸುವುದಾದರೆ ಆಶ್ರಯಕೇಂದ್ರದಲ್ಲಿ ಬಚ್ಚಲೊಲೆಯಂಥ ಒಣ ಜಾಗವೂ ಚಿಮಟ ಹಿಡಿದು ಕೂರುವ ಕೈಗಳೂ ಇರಬೇಕು. ಕಬ್ಬಿಣದ ಸರಳು, ಸಿಮೆಂಟು ನೆಲ ಮಾತ್ರ ಸಾಲದು.

ಹೀಗಾಗಿ ಗುಣವಾದ ನಾಯಿಗೆ ಮನೆ ಹುಡುಕುವುದು ಈಗ ಮೊದಲಿಗಿಂತ ಹೆಚ್ಚು ಅಗತ್ಯ. ಕುಂಟು ನಾಯಿಯನ್ನು ಯಾರು ಸಾಕುತ್ತಾರೆ ಎಂಬುದು ಸಾಮಾನ್ಯ ಅನುಮಾನ. ತೋಟದ ಮನೆಗಳಲ್ಲಿ ಅದಕ್ಕೆ ಕೆಲಸವಿದೆ: ಅಂಗಳ ಕಾಯಲು, ಅಪರಿಚಿತರು ಬಂದರೆ ಬೊಗಳಲು ನಾಲ್ಕೂ ಕಾಲು ನೆಟ್ಟಗಿರಬೇಕೆಂದಿಲ್ಲ. ಮಕ್ಕಳು ಪೇಟೆ ಸೇರಿ ಇಬ್ಬರೇ ಹಿರಿಯರು ಉಳಿದ ಮನೆಗಳು ಈ ತಾಲ್ಲೂಕುಗಳಲ್ಲಿ ಬಹಳ, ಅಂಥ ಮನೆಗೆ ಶಾಂತ ಸ್ವಭಾವದ, ಹೆಚ್ಚು ಅಲೆಯದ ನಾಯಿ ಚೆನ್ನಾಗಿ ಹೊಂದುತ್ತದೆ. ಕೊಡುವ ಮುಂಚೆ ಸಂತಾನಹರಣ ಚಿಕಿತ್ಸೆ ಆಗಿರಬೇಕು, ಹೆಣ್ಣು ನಾಯಿಯಾದರಂತೂ ಖಂಡಿತ. ಇಲ್ಲದಿದ್ದರೆ ಒಂದು ವರ್ಷದಲ್ಲಿ ಮರಿಗಳ ಚೀಲ ಮತ್ತೆ ಘಾಟಿಗೆ ಹೋಗುತ್ತದೆ. ಜಂತುಹುಳದ ಮಾತ್ರೆ, ರೇಬಿಸ್ ಲಸಿಕೆ ಹಾಕಿಸಿ, ಮುಂದಿನ ವರ್ಷ ಲಸಿಕೆ ಯಾವಾಗ ಎಂಬುದನ್ನು ಮನೆಯವರ ಕ್ಯಾಲೆಂಡರಿನಲ್ಲಿ ಬರೆದುಕೊಡುವುದು ಒಳ್ಳೆಯ ರೂಢಿ. ಕೂಡಿಕೊಂಡ ಮೂಳೆ ಚಳಿಗಾಲದಲ್ಲಿ ಬಿಗಿಯುತ್ತದೆ, ನಾಯಿಗೆ ವಯಸ್ಸಾದಂತೆ ಕೀಲು ನೋವು ಬರುತ್ತದೆ. ಅದಕ್ಕೆ ಡಾಕ್ಟರು ಬರೆದುಕೊಟ್ಟ ಔಷಧಿ ಬೇಕು, ಮಲಗಲು ಒಣಗಿದ ಗೋಣಿ ಬೇಕು, ಮೈ ಭಾರವಾಗದಂತೆ ಊಟ ಮಿತವಾಗಿರಬೇಕು. ಕೊಟ್ಟು ಬಂದವರು ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಹೋಗಿ ನೋಡಿಬರಬೇಕು. ಹೊಸ ಮನೆಯಿಂದ ತಪ್ಪಿಸಿಕೊಂಡು ಹಳೆಯ ಬಸ್‌ಸ್ಟ್ಯಾಂಡಿಗೆ ನಡೆದು ಬರುವ ನಾಯಿಗಳುಂಟು. ಮೊದಲ ಹತ್ತು ಹದಿನೈದು ದಿನ ಕಟ್ಟಿಹಾಕಿ, ಮನೆಯವರೇ ಕೈಯಾರೆ ಊಟ ಹಾಕಿ, ಸಂಜೆ ಹಗ್ಗ ಹಿಡಿದು ತೋಟ ಸುತ್ತಿಸಿದರೆ ಆ ಮನೆಯ ಅಂಗಳಕ್ಕೆ ಹೊಂದಿಕೊಳ್ಳುತ್ತದೆ.